ಜೋಗದ ಬಂಡೆಗೋಡೆ ಮುಂದೆ ಹಾರುವ ಬಿಳಿ ಹೊಟ್ಟೆಯ ಹಕ್ಕಿ ಕವಲುತೋಕೆ ಅಲ್ಲ, ಹಾಗಾದರೆ ಯಾವುದು?

ತಾಳಗುಪ್ಪ ಹುಡುಗ
ಎಲ್ಲರಿಗೂ ನಮಸ್ಕಾರ. ಜೋಗದಲ್ಲಿ ರಾಜ ಧುಮುಕುವ ಜಾಗದ ಪಕ್ಕ ದೊಡ್ಡ ಬಂಡೆಗೋಡೆ ಇದೆಯಲ್ಲ, ಅದರ ಮುಂದೆ ಸಂಜೆ ಹೊತ್ತು ಒಂದು ಗುಂಪು ಹಕ್ಕಿ ಸುತ್ತು ಹೊಡೆಯುತ್ತಿರುತ್ತದೆ. ಪಾರಿವಾಳ ಅಲ್ಲ. ಪಾರಿವಾಳವೂ ಅಲ್ಲೇ ಇದೆ, ಅದು ನನಗೆ ಗೊತ್ತು. ಇದು ಮೇಲೆ ಕಂದು, ಹೊಟ್ಟೆ ಬಿಳಿ. ರೆಕ್ಕೆ ಉದ್ದ, ಕುಡುಗೋಲಿನ ಹಾಗೆ ಬಾಗಿದೆ. ವಿಪರೀತ ವೇಗ. ಎದುರಿನ ಕಟ್ಟೆಯಿಂದ ನೋಡುತ್ತಾ ನಿಂತರೆ ಒಂದೊಂದೇ ಬಂದು ಬಂಡೆಗೆ ಢಿಕ್ಕಿ ಹೊಡೆಯುತ್ತೇನೋ ಅನ್ನಿಸುತ್ತೆ, ಅಷ್ಟರಲ್ಲಿ ಮಾಯ.

ಊರಲ್ಲಿ ಕೇಳಿದರೆ ಎಲ್ಲರೂ ಕವಲುತೋಕೆ ಅಂತಾರೆ. ಆದರೆ ಕವಲುತೋಕೆ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುತ್ತೆ. ಇದು ತಂತಿ ಮೇಲೆ, ಮರದ ಮೇಲೆ, ಎಲ್ಲೂ ಕೂತಿದ್ದನ್ನು ನಾನು ನೋಡಿಲ್ಲ. ಮೊಬೈಲ್ ಫೋಟೋದಲ್ಲಿ ಚುಕ್ಕಿ ಬಿಟ್ಟು ಏನೂ ಕಾಣಲ್ಲ, ಅದಕ್ಕೇ ಹಾಕುತ್ತಿಲ್ಲ. ಗೊತ್ತಿದ್ದವರು ಹೇಳಿ.

ಗೂಡುಗಾರ
ನೀವು ನೋಡಿದ್ದು ಆಲ್ಪೈನ್ ಸ್ವಿಫ್ಟ್. ಮುಂದಿನ ಸಲ ಒಂದು ವಿಷಯ ಗಮನಿಸಿ: ಗಂಟಲೂ ಬಿಳಿ, ಹೊಟ್ಟೆಯೂ ಬಿಳಿ, ನಡುವೆ ಎದೆಗೆ ಅಡ್ಡವಾಗಿ ಒಂದು ಕಂದು ಪಟ್ಟಿ. ನಮ್ಮ ಕಡೆ ಕಾಣುವ ಬೇರೆ ಯಾವ ಸ್ವಿಫ್ಟಿಗೂ ಹೀಗಿಲ್ಲ. ದೂರದಿಂದ ಗಂಟಲಿನ ಬಿಳಿ ಕಾಣದೇ ಹೋಗಬಹುದು, ಹೊಟ್ಟೆಯ ಬಿಳಿ ಮಾತ್ರ ಎಷ್ಟು ದೂರಕ್ಕೂ ಹೊಡೆದು ಕಾಣುತ್ತೆ.

ಕೊಕ್ಕಿನಿಂದ ಬಾಲದವರೆಗೆ 20ರಿಂದ 22 ಸೆಂ.ಮೀ., ಹೆಚ್ಚೂಕಮ್ಮಿ ಗೊರವಂಕದಷ್ಟು. ಆದರೆ ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 55 ಸೆಂ.ಮೀ. ಆಸುಪಾಸು. ತೂಕ ಸುಮಾರು ನೂರು ಗ್ರಾಂ, ಅಷ್ಟೇ.

ಕವಲುತೋಕೆಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಕವಲುತೋಕೆ ಗುಬ್ಬಿ, ಕಾಗೆಗಳ ದೊಡ್ಡ ಬಳಗಕ್ಕೆ ಸೇರಿದ್ದು. ಸ್ವಿಫ್ಟಿನ ಹತ್ತಿರದ ಬಂಧುಗಳು ಅಮೆರಿಕ ಖಂಡದ ಹಮ್ಮಿಂಗ್‌ಬರ್ಡುಗಳು. ಕವಲುತೋಕೆ, ಸ್ವಿಫ್ಟ್ ಎರಡೂ ಗಾಳಿಯಲ್ಲಿ ಹುಳ ಹಿಡಿದು ತಿನ್ನುತ್ತವೆ, ಹಾಗಾಗಿ ನೋಡೋಕೆ ಒಂದೇ ಥರ ಆಗಿವೆ. ಕಾಲು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ಸ್ವಿಫ್ಟಿನ ಕಾಲು ಗಿಡ್ಡ, ಬೆರಳಿನ ಬುಡದವರೆಗೂ ಪುಕ್ಕ, ತುದಿಯಲ್ಲಿ ಚೂಪು ಉಗುರು. ಕಡ್ಡಿ ಹಿಡಿದು ಕೂರೋಕೆ ಆಗಲ್ಲ. ಒರಟು ಕಲ್ಲಿಗೆ ಕಚ್ಚಿಕೊಂಡು ಜೋತುಬೀಳೋಕೆ ಹೇಳಿ ಮಾಡಿಸಿದ ಕಾಲು. ನೀವು ತಂತಿ ಮೇಲೆ ಕಾಣದೇ ಇದ್ದದ್ದಕ್ಕೆ ಕಾರಣ ಇದೇ.

ಕ್ಯಾಮೆರಾ ಕಿಟ್ಟಿ
ಬೆಂಗಳೂರಲ್ಲಿ ಫ್ಲೈಓವರ್ ಕೆಳಗೆ ಕಿಚಿಕಿಚಿ ಅಂತ ಗುಂಪಾಗಿ ಹಾರುತ್ತವಲ್ಲ, ಅವೂ ಇವೇನಾ ಗುರುವೇ?

ಗೂಡುಗಾರ
ಅಲ್ಲ ಕಿಟ್ಟಿ. ಅದು ಮನೆ ಸ್ವಿಫ್ಟ್. ಚಿಕ್ಕದು, ಮೈಯೆಲ್ಲ ಕಪ್ಪು, ಬೆನ್ನಿನ ಹಿಂಭಾಗ ಬಿಳಿ. ಆಲ್ಪೈನ್‌ಗೆ ಬಿಳಿ ಇರೋದು ಹೊಟ್ಟೆಗೆ. ತಾಳೆ ಮರದ ಸುತ್ತ ಸಣ್ಣಗೆ, ಸಪೂರವಾಗಿ ಹಾರೋದು ತಾಳೆ ಸ್ವಿಫ್ಟ್. ಘಟ್ಟದಲ್ಲಿ ಮಾತ್ರ ಇನ್ನೊಂದು ಗಲಿಬಿಲಿ ಇದೆ. ಅಲ್ಲಿ ನೀಡಲ್‌ಟೇಲ್ ಅಂತ ಇದಕ್ಕಿಂತ ದೊಡ್ಡ ಸ್ವಿಫ್ಟ್ ಇದೆ. ಅದರ ಹೊಟ್ಟೆ ಗಾಢ ಬಣ್ಣ, ಬಾಲದ ಬುಡದಲ್ಲಿ ಮಾತ್ರ ಬಿಳಿ.

ಆದರೆ ಬೆಂಗಳೂರಿನ ಮೇಲೂ ಆಲ್ಪೈನ್ ಬರುತ್ತೆ. ಮಳೆ ಮೋಡ ಕಟ್ಟಿದ ಸಂಜೆ ಟೆರೇಸ್ ಮೇಲೆ ಹೋಗಿ ನೋಡಿ.

ಹೊನ್ನಾವರ ಭಟ್ಟ
ನಮ್ಮಲ್ಲೂ ಹಾಗೇ ಮಾರಾಯ್ರೆ. ಮುಂಗಾರಿನ ಮೊದಲು ಮಳೆಹುಳ ಏಳುವ ಹೊತ್ತಿಗೆ ಎಲ್ಲಿಂದಲೋ ಬಂದು ತೋಟದ ಮೇಲೆ ಸುತ್ತು ಹೊಡೆಯುತ್ತವೆ. ಸ್ವಲ್ಪ ಹೊತ್ತಲ್ಲಿ ಒಂದೂ ಇಲ್ಲ. ಅಪ್ಪಯ್ಯ ಇದನ್ನು ಕಂಡ ಕೂಡಲೇ ಅಡಿಕೆ ಒಳಗೆ ಹಾಕಿ ಅನ್ನುತ್ತಿದ್ದರು. ಅವು ಜೋಗದಿಂದ ಇಲ್ಲಿಯವರೆಗೆ ಬರುತ್ತವೆಯೇ? ರಸ್ತೆಯಲ್ಲಿ ಬಂದರೆ ಅರವತ್ತು ಕಿಲೋಮೀಟರ್ ಇದೆ.

ಗೂಡುಗಾರ
ಭಟ್ಟರೇ, ಆ ಹಕ್ಕಿಗೆ ಅರವತ್ತು ಕಿಲೋಮೀಟರ್ ಒಂದು ದೂರವೇ ಅಲ್ಲ. ಬ್ರಿಟಿಷರ ಕಾಲದಲ್ಲಿ ಜೋಗಕ್ಕೆ ಗೇರುಸೊಪ್ಪೆ ಜಲಪಾತ ಅಂತ ಹೆಸರಿತ್ತು. ಅಲ್ಲಿಯ ಬಂಡೆಯಲ್ಲಿ ಈ ಹಕ್ಕಿ ಇರುವುದನ್ನು 19ನೇ ಶತಮಾನದ ಪಕ್ಷಿತಜ್ಞರೇ ಬರೆದಿಟ್ಟಿದ್ದಾರೆ. ಹಗಲೆಲ್ಲ ದೂರ ಹೋಗಿ ಮೇಯುವುದು, ಕತ್ತಲಾಗುವ ಹೊತ್ತಿಗೆ ಬಂಡೆಗೆ ಮರಳುವುದು ಇವುಗಳ ಪದ್ಧತಿ. ಮೋಡದ ಮುಂದೆ ಮುಂದೆ ಹಾರುತ್ತವೆ. ಮಳೆಗಾಳಿ ಹುಳುಗಳನ್ನು ಒಂದೆಡೆಗೆ ತಳ್ಳಿ ಕೊಡುತ್ತೆ, ಅಲ್ಲೇ ಇವಕ್ಕೆ ಊಟ. ನಿಮ್ಮ ಅಪ್ಪಯ್ಯ ಸರಿಯಾಗೇ ಹೇಳಿದ್ದಾರೆ.

ಅನುಮಾನ ಸ್ವಾಮಿ
ಈ ಹಕ್ಕಿ ಆರು ತಿಂಗಳು ನೆಲಕ್ಕೆ ಇಳಿಯದೆ ಹಾರುತ್ತಂತೆ ಅಂತ ವಾಟ್ಸಾಪಲ್ಲಿ ಬಂದಿತ್ತು. ಹಾರುತ್ತಲೇ ನಿದ್ದೆ, ಹಾರುತ್ತಲೇ ಊಟ. ಹಂಸ ಹಾಲು ನೀರು ಬೇರೆ ಮಾಡುತ್ತೆ ಅನ್ನೋ ಜಾತಿಯ ಕಥೆ ತಾನೇ ಇದು? ಯಾರು ಹಿಂದೆ ಹಾರಿ ನೋಡಿಕೊಂಡು ಬಂದರು?

ಬರ್ನ್ ಕನ್ನಡತಿ
ಸ್ವಾಮಿಗಳೇ, ಇದು ನಾನಿರುವ ದೇಶದ ಕೆಲಸ, ಹಾಗಾಗಿ ಬಾಯಿ ಹಾಕುತ್ತೇನೆ.

ಸ್ವಿಟ್ಜರ್ಲೆಂಡಿನ ಸೆಂಪಾಖ್ ಎಂಬಲ್ಲಿ ಪಕ್ಷಿ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯ ಫೆಲಿಕ್ಸ್ ಲಿಶ್ಟಿ ಮತ್ತು ಜೊತೆಗಾರರು ಬಾಡೆನ್ ಊರಿನಲ್ಲಿ ಗೂಡು ಕಟ್ಟುವ ಆರು ಆಲ್ಪೈನ್ ಸ್ವಿಫ್ಟುಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಬಿಟ್ಟರು. ಎರಡು ಗ್ರಾಂಗಿಂತ ಕಮ್ಮಿ ತೂಕದ್ದು. ಅವು ಚಳಿಗಾಲಕ್ಕೆ ಪಶ್ಚಿಮ ಆಫ್ರಿಕಾಕ್ಕೆ ಹೋದವು. ಮುಂದಿನ ಬೇಸಿಗೆಗೆ ಮೂರು ಹಕ್ಕಿ ಮತ್ತೆ ಕೈಗೆ ಸಿಕ್ಕವು. ಯಂತ್ರ ಬಿಚ್ಚಿ ನೋಡಿದರೆ 200 ದಿನಕ್ಕೂ ಮೀರಿ ಎಲ್ಲೂ ಕೂತ ಗುರುತೇ ಇಲ್ಲ. ಇದು ಪ್ರಕಟವಾಗಿದ್ದು 2013ರಲ್ಲಿ.

ಆ ಯಂತ್ರದಲ್ಲಿ ಎರಡು ಸಂಗತಿ ದಾಖಲಾಗುತ್ತೆ. ಒಂದು ಬೆಳಕು. ಸೂರ್ಯ ಎಷ್ಟು ಹೊತ್ತಿಗೆ ಹುಟ್ಟಿದ, ಮುಳುಗಿದ ಅನ್ನೋದರಿಂದ ಹಕ್ಕಿ ಭೂಮಿಯ ಯಾವ ಭಾಗದಲ್ಲಿತ್ತು ಅಂತ ಲೆಕ್ಕ ಹಾಕುತ್ತಾರೆ. ಇನ್ನೊಂದು ಮೈಯ ಅಲುಗಾಟ ಮತ್ತು ಮೈ ನಿಂತ ಕೋನ. ರೆಕ್ಕೆ ಬಡಿದರೆ ಒಂದು ಥರ, ಬಡಿಯದೆ ತೇಲಿದರೆ ಇನ್ನೊಂದು ಥರ. ಬಂಡೆಗೆ ಜೋತುಬಿದ್ದರೆ ಮೈ ಲಂಬವಾಗುತ್ತೆ, ಅಲುಗಾಟವೂ ನಿಂತುಬಿಡುತ್ತೆ. ಆಫ್ರಿಕಾಕ್ಕೆ ಹೋಗುವಾಗ, ಅಲ್ಲಿದ್ದಷ್ಟು ದಿನ, ವಾಪಸ್ ಬರುವಾಗ, ಎಲ್ಲ ಹೊತ್ತಲ್ಲೂ ಸಿಕ್ಕಿದ್ದು ಹಾರಾಟದ ಗುರುತೇ.

ಅನುಮಾನ ಸ್ವಾಮಿ
ಸರಿ ತಾಯಿ, ಒಪ್ಪಿದೆ. ಆದರೆ ಆರಕ್ಕೆ ಕಟ್ಟಿ ಮೂರೇ ಸಿಕ್ಕಿದ್ದು. ಮೂರು ಹಕ್ಕಿ ನೋಡಿ ಇಡೀ ಕುಲಕ್ಕೆ ಸರ್ಟಿಫಿಕೇಟ್ ಕೊಡಬಹುದಾ? ಮತ್ತೆ ನಿದ್ದೆ? ಅದನ್ನು ಯಂತ್ರ ಹೇಳಿತಾ?

ಪಿಯು ಬಯಾಲಜಿ ಮೇಷ್ಟ್ರು
ನಿದ್ದೆ ವಿಷಯಕ್ಕೆ ನಾನು ಬರ್ತೀನಿ. ಆ ಯಂತ್ರ ಮಿದುಳನ್ನು ಅಳೆಯಲ್ಲ. "ಕೂತಿಲ್ಲ" ಅಂತ ಮಾತ್ರ ಹೇಳುತ್ತೆ. 200 ದಿನ ಕೂತಿಲ್ಲ ಅಂದ ಮೇಲೆ ನಿದ್ದೆಯೂ ಮೇಲೆಯೇ ಆಗಿರಬೇಕು ಅನ್ನೋದು ತರ್ಕ. ಹಾರುತ್ತಾ ನಿದ್ದೆ ಮಾಡೋದು ಸಾಧ್ಯ ಅಂತ ಮಿದುಳಿನ ಅಲೆ ಅಳೆದು ತೋರಿಸಿದ್ದು ಬೇರೆ ಹಕ್ಕಿಯಲ್ಲಿ. ಗಲಾಪಗೋಸ್ ದ್ವೀಪದ ಫ್ರಿಗೇಟ್ ಹಕ್ಕಿ, 2016ರಲ್ಲಿ. ಅವು ಹಾರುವಾಗ ದಿನಕ್ಕೆ ಮುಕ್ಕಾಲು ಗಂಟೆಯೂ ಮಲಗಲ್ಲ, ಅದನ್ನೂ ತುಂಡು ತುಂಡಾಗಿ.

ಮೂರೇ ಹಕ್ಕಿ ಅನ್ನೋ ಪ್ರಶ್ನೆ ನ್ಯಾಯವಾದದ್ದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಕಾಮನ್ ಸ್ವಿಫ್ಟ್ ಅನ್ನುವ ಇನ್ನೊಂದು ಜಾತಿಗೆ ಇಂಥದ್ದೇ ಯಂತ್ರ ಕಟ್ಟಿ ನೋಡಿದ್ದು ಅದೇ 2016ರಲ್ಲಿ ಪ್ರಕಟವಾಯಿತು. ಕೆಲವು ಹಕ್ಕಿ ಹತ್ತು ತಿಂಗಳು ಇಳಿದೇ ಇಲ್ಲ. ಬೇರೆ ತಂಡ, ಬೇರೆ ಜಾತಿ, ಉತ್ತರ ಒಂದೇ ದಿಕ್ಕಿಗೆ. ನನ್ನ ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಮೊದಲು ಕೇಳೋದೇ "ಸಾರ್, ನೀರು ಹೇಗೆ ಕುಡಿಯುತ್ತೆ" ಅಂತ. ಕೆರೆಯ ಮೇಲೆ ತಗ್ಗಾಗಿ ಹಾರಿ ಬಾಯಿ ತೆರೆದು ಮೇಲ್ಪದರ ಸವರಿಕೊಂಡು ಹೋಗುತ್ತೆ.

ಗೂಡುಗಾರ
ಇಲ್ಲಿ ಒಂದು ವಿಷಯ ಹೇಳಲೇಬೇಕು. ಸ್ವಿಟ್ಜರ್ಲೆಂಡಿನ ಲೆಕ್ಕ ತಂದು ಜೋಗದ ಹಕ್ಕಿಗೆ ಅಂಟಿಸಬೇಡಿ. ವಾಟ್ಸಾಪ್ ಸಂದೇಶಗಳು ಮಾಡೋದು ಇದನ್ನೇ.

ಆ 200 ದಿನ ಗೂಡಿನಿಂದ ಹೊರಟು ಆಫ್ರಿಕಾ ಸುತ್ತಿ ಗೂಡಿಗೆ ಮರಳುವ ವಲಸೆ ಹಕ್ಕಿಯ ಕಾಲ. ನಮ್ಮ ಪಶ್ಚಿಮ ಘಟ್ಟದ್ದು ಬೇರೆ ಬಳಗ. ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ 1965ರಲ್ಲಿ ಇದನ್ನು ಪ್ರತ್ಯೇಕ ಉಪಜಾತಿ ಅಂತ ಗುರುತಿಸಿದರು. ಹಿಮಾಲಯದ್ದು ಒಂದು ಉಪಜಾತಿ, ಶ್ರೀಲಂಕಾದ್ದು ಇನ್ನೊಂದು. ಹಿಮಾಲಯದವು ಚಳಿಗೆ ಕೆಳಗೆ ಬರುತ್ತವೆ. ನಮ್ಮವು ಹೆಚ್ಚಾಗಿ ಇಲ್ಲೇ ಇದ್ದು, ಆಚೀಚೆ ತಿರುಗಾಡಿಕೊಂಡಿರುತ್ತವೆ. ರಾತ್ರಿ ತಂಗೋಕೆ ಅದೇ ಬಂಡೆಗೆ ಬರುತ್ತವೆ ಅಂತ ತಾಳಗುಪ್ಪದವರೇ ಮೇಲೆ ಹೇಳಿದ್ದಾರಲ್ಲ, ಸಂಜೆ ಒಂದೊಂದೇ ಬಂದು ಗೋಡೆಯಲ್ಲಿ ಮಾಯ ಆಗುತ್ತೆ ಅಂತ. ದಿನಾ ಬಂದು ಬಿರುಕಿಗೆ ನುಗ್ಗುವ ಹಕ್ಕಿಯನ್ನು ತೋರಿಸಿ "ಇದು ಆರು ತಿಂಗಳು ಇಳಿಯಲ್ಲ" ಅನ್ನೋದು ಹೇಗೆ ಸರಿ?

ಶಕ್ತಿ ಅದರ ಮೈಯಲ್ಲಿದೆ, ಅದು ನಿಜ. ಆದರೆ ಹತ್ತಿರದಲ್ಲೇ ಒಳ್ಳೆ ಬಂಡೆ ಇದ್ದರೆ ಸುಮ್ನೆ ಯಾಕೆ ಮೇಲೆ ಇರಬೇಕು?

ಇನ್ನೂ ಒಂದು. ಆ ಸಂಶೋಧನೆ ಆಗಿದ್ದೇ ಗೂಡಿನ ದೆಸೆಯಿಂದ. ಆ ಪುಟ್ಟ ಯಂತ್ರಕ್ಕೆ ಸಿಗ್ನಲ್ ಕಳಿಸೋ ತಾಕತ್ತು ಇರಲಿಲ್ಲ. ಹಕ್ಕಿಯನ್ನೇ ಮತ್ತೆ ಹಿಡಿಯಬೇಕಿತ್ತು. ಆಫ್ರಿಕಾ ಸುತ್ತಿ ಬಂದ ಹಕ್ಕಿ ಹೋದ ವರ್ಷದ ಅದೇ ಸಂದಿಗೆ ಬರುತ್ತೆ ಅನ್ನೋ ನಂಬಿಕೆ ಇದ್ದದ್ದಕ್ಕೇ ಆ ಕೆಲಸಕ್ಕೆ ಕೈ ಹಾಕಿದ್ದು. ಎಲ್ಲರೂ ಆಕಾಶದ ಬಗ್ಗೆ ಬೆರಗಾಗುತ್ತಾರೆ. ನನ್ನ ಮಟ್ಟಿಗೆ ಈ ಹಕ್ಕಿಯ ಕಥೆ ಇರೋದು ಆ ಬಿರುಕಿನಲ್ಲಿ.

ತಾಳಗುಪ್ಪ ಹುಡುಗ
ಅಣ್ಣಾ, ಹಾಗಾದರೆ ಆ ಬಿರುಕಿನೊಳಗೆ ಏನಿರುತ್ತೆ? ಗೂಡು ಯಾವುದರಿಂದ ಕಟ್ಟುತ್ತೆ? ನೆಲಕ್ಕೇ ಇಳಿಯದ ಹಕ್ಕಿಗೆ ಕಡ್ಡಿ ಹುಲ್ಲು ಎಲ್ಲಿ ಸಿಗುತ್ತೆ?

ಬರ್ನ್ ಕನ್ನಡತಿ
ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಹೇಳ್ತೀನಿ.

ಇಲ್ಲಿ ಇವು ಬಂಡೆಯಲ್ಲಿ ಮಾತ್ರ ಅಲ್ಲ, ಹಳೇ ಕಟ್ಟಡಗಳಲ್ಲೂ ಗೂಡು ಮಾಡುತ್ತವೆ. ಸೊಲೊಥರ್ನ್, ಬೀಲ್ ಊರುಗಳ ಗಡಿಯಾರ ಗೋಪುರದ ಮಾಡಿನ ಕೆಳಗೆ ದೊಡ್ಡ ಗುಂಪೇ ಇದೆ. ಹಕ್ಕಿಗೆ ಗೋಪುರವೂ ಒಂದು ಬಂಡೆಯೇ: ಎತ್ತರ, ಕಲ್ಲು, ಸಂದಿ, ಕೆಳಗೆ ಖಾಲಿ ಜಾಗ. ಮರಿಗಳ ಕಾಲಿಗೆ ಉಂಗುರ ಹಾಕುವ ದಿನ ಒಮ್ಮೆ ಅಂಥ ಮಾಡಿನೊಳಗೆ ಹೋಗಿದ್ದೆ. ತೊಲೆಯ ಪಕ್ಕ ಒಂದು ತಟ್ಟೆಯಾಕಾರದ ಗೂಡು. ಗರಿ, ಒಣ ಹುಲ್ಲು, ಎಲೆ ಚೂರು, ಗಿಡದ ಹತ್ತಿಯಂಥ ಎಳೆ. ಎಲ್ಲ ಗಾಳಿಯಲ್ಲಿ ತೇಲಿಬರುವಾಗ ಬಾಯಲ್ಲಿ ಹಿಡಿದದ್ದು. ಎಂಜಲಿನಿಂದ ಅಂಟಿಸಿರುತ್ತವೆ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತೆ. ಅದೇ ಗೂಡಿಗೆ ವರ್ಷ ವರ್ಷ ಅಂಚು ಏರಿಸುತ್ತಾ ಹೋಗುತ್ತವೆ.

ಮೊಟ್ಟೆ ಅಚ್ಚ ಬಿಳಿ, ಸಾಮಾನ್ಯವಾಗಿ ಎರಡೋ ಮೂರೋ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಸುಮಾರು 20 ದಿನಕ್ಕೆ ಮರಿ. ಆಮೇಲೆ ಮರಿ ಗೂಡಲ್ಲೇ ಏಳೆಂಟು ವಾರ ಇರುತ್ತೆ! ಇಷ್ಟು ಚಿಕ್ಕ ಹಕ್ಕಿಗೆ ಇದು ತುಂಬಾ ಜಾಸ್ತಿ. ಗುಬ್ಬಿ ಮರಿ ಎರಡು ವಾರಕ್ಕೆಲ್ಲ ಹೊರಗೆ ಬಂದುಬಿಡುತ್ತೆ.

ಅಪ್ಪನೋ ಅಮ್ಮನೋ ಬಂದಾಗ ಗಂಟಲು ಉಬ್ಬಿರುತ್ತೆ. ನೂರಾರು ಹುಳುಗಳನ್ನು ಎಂಜಲಲ್ಲಿ ಕಲಸಿ ಉಂಡೆ ಮಾಡಿಕೊಂಡು ತಂದಿರುತ್ತವೆ. ಅಂಥ ಒಂದು ಉಂಡೆ ಮರಿಯ ಬಾಯಿಂದ ಜಾರಿ ಹಲಗೆ ಮೇಲೆ ಬಿತ್ತು. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಒಂದು ಇರುವೆಗೆ ಇನ್ನೂ ಜೀವ ಇತ್ತು, ಕಾಲು ಆಡಿಸುತ್ತಿತ್ತು. ರೆಕ್ಕೆ ಇರುವೆ, ನೊಣ, ಜೀರುಂಡೆ, ಗಾಳಿಯಲ್ಲಿ ನೂಲು ಬಿಟ್ಟು ತೇಲುವ ಪುಟ್ಟ ಜೇಡ. ಉಂಗುರ ಹಾಕುವವರು ಆ ಉಂಡೆಯನ್ನು ಚಿಮ್ಮಟದಲ್ಲಿ ಎತ್ತಿ ಮರಿಯ ಬಾಯಿಗೇ ವಾಪಸ್ ಹಾಕಿದರು.

ಪಿಯು ಬಯಾಲಜಿ ಮೇಷ್ಟ್ರು
ಏಳೆಂಟು ವಾರ ಯಾಕೆ ಅಂದರೆ, ಈ ಮರಿಗೆ ಹಾರೋದನ್ನು ಕಲಿಯೋ ಅವಕಾಶ ಇಲ್ಲ. ಕೊಂಬೆಯಿಂದ ಕೊಂಬೆಗೆ ಹಾರಿ ಅಭ್ಯಾಸ ಮಾಡೋಕೆ ಕೊಂಬೆಯೇ ಇಲ್ಲ. ಮೊದಲ ಸಲ ಹೊರಗೆ ಜಿಗಿದಾಗಲೇ ಪೂರಾ ಹಾರಬೇಕು. ಹಾಗಾಗಿ ರೆಕ್ಕೆ ಪೂರ್ತಿ ಬೆಳೆಯೋವರೆಗೂ ಒಳಗೇ ಇರಬೇಕು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ನಾಲ್ಕೈದು ದಿನ ಜಡಿಮಳೆ, ಚಳಿ ಹಿಡಿದರೆ ಹುಳ ಹಾರಲ್ಲ. ತಾಯಿಗೆ ಊಟ ಸಿಗಲ್ಲ. ಆಗ ಮರಿ ತನ್ನ ಮೈಯ ಬಿಸಿಯನ್ನೇ ಇಳಿಸಿಬಿಡುತ್ತೆ. ಅರೆಪ್ರಜ್ಞೆಯಲ್ಲಿದ್ದ ಹಾಗೆ ಬಿದ್ದಿರುತ್ತೆ, ಖರ್ಚು ಕಮ್ಮಿ. ತೂಕ ಇಳಿಯುತ್ತೆ, ಬೆಳವಣಿಗೆ ನಿಧಾನ ಆಗುತ್ತೆ. ಬಿಸಿಲು ಬಂದು ಊಟ ಸಿಕ್ಕ ಮೇಲೆ ಮತ್ತೆ ಬೆಳೆಯೋಕೆ ಶುರು. ಸ್ವಿಸ್ ಗೋಪುರಗಳ ಮರಿಗಳಲ್ಲೇ ಇದನ್ನು ಅಳೆದು ನೋಡಿದ್ದಾರೆ. ಗುಬ್ಬಿ ಮರಿಯಾಗಿದ್ದರೆ ಅಷ್ಟರಲ್ಲಿ ಸತ್ತೇ ಹೋಗಿರುತ್ತಿತ್ತು.

ಬರ್ನ್ ಕನ್ನಡತಿ
ಮೇಷ್ಟ್ರೇ, ಹೇನುನೊಣ ಮರೆತಿರಾ? ಆ ಗೂಡುಗಳಲ್ಲಿ ಒಂದು ರಕ್ತ ಹೀರುವ ನೊಣ ಇರುತ್ತೆ. ಕ್ರಟೇರಿನಾ ಅನ್ನೋ ಕುಲದ್ದು. ಚಪ್ಪಟೆ ಮೈ, ಮೊಟಕು ರೆಕ್ಕೆ, ಹಾರೋಕೆ ಬರಲ್ಲ. ಮರಿಯ ಗರಿಗಳ ನಡುವೆ ಅಡ್ಡಡ್ಡ ಓಡುತ್ತೆ. ನನ್ನ ಅಂಗೈ ಮೇಲೂ ಒಂದು ಓಡಿತ್ತು, ಕೊಡವಿದರೂ ಬೀಳಲ್ಲ! ಹಕ್ಕಿ ಚಳಿಗಾಲಕ್ಕೆ ಹೋದ ಮೇಲೆ ಇದರ ಕೋಶ ಖಾಲಿ ಗೂಡಲ್ಲೇ ಕಾದು ಕೂತಿರುತ್ತೆ. ಹಕ್ಕಿ ಮರಳಿದ ಮೇಲೆ ಒಡೆದು ಹೊರಗೆ ಬರುತ್ತೆ. ಅದೇ ಸಂದಿಗೆ ಬರುವ ಹಕ್ಕಿಯ ಹಟವನ್ನು ಈ ನೊಣವೂ ನಂಬಿಕೊಂಡಿದೆ.

ನೊಣ ಜಾಸ್ತಿ ಇರೋ ಮರಿಗಳ ರೆಕ್ಕೆ ನಿಧಾನವಾಗಿ ಬೆಳೆಯುತ್ತೆ. ಆದರೆ ಅವು ಇನ್ನೂ ಕೆಲವು ದಿನ ಹೆಚ್ಚು ಒಳಗಿದ್ದು, ರೆಕ್ಕೆ ಪೂರಾ ಆದ ಮೇಲೇ ಹೊರಡುತ್ತವೆ.

ಕ್ಯಾಮೆರಾ ಕಿಟ್ಟಿ
ಅಕ್ಕ ಬರೆದದ್ದು ಓದಿ ಮೈಯೆಲ್ಲ ತುರಿಕೆ. ನನ್ನ ಪ್ರಶ್ನೆ ಬೇರೆ. ಇಷ್ಟು ಬಂಡೆ ಇದೆ ಕರ್ನಾಟಕದಲ್ಲಿ. ರಾಮನಗರ, ಸಾವನದುರ್ಗ, ಮಧುಗಿರಿ. ಯಾವ ಬಂಡೆಯಾದರೂ ನಡೆಯುತ್ತಾ, ಇಲ್ಲ ಜಲಪಾತವೇ ಬೇಕಾ?

ಗೂಡುಗಾರ
ಜಲಪಾತ ಬೇಕೇಬೇಕು ಅಂತಿಲ್ಲ. ಉತ್ತರ ಅಮೆರಿಕದಲ್ಲಿ ಬ್ಲ್ಯಾಕ್ ಸ್ವಿಫ್ಟ್ ಅಂತ ಒಂದಿದೆ, ಅದು ಹೆಚ್ಚಾಗಿ ನೀರಿನ ಹಿಂದೆ, ತೊಟ್ಟಿಕ್ಕುವ ಬಂಡೆಯಲ್ಲಿ ಗೂಡು ಮಾಡುತ್ತೆ. ಒಂದೇ ಮೊಟ್ಟೆ. ಅದು ಚಳಿಗಾಲಕ್ಕೆ ಎಲ್ಲಿಗೆ ಹೋಗುತ್ತೆ ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 2012ರಲ್ಲಷ್ಟೇ ಬ್ರೆಜಿಲ್ ಅಂತ ಗೊತ್ತಾಯಿತು, ಇಂಥದ್ದೇ ಪುಟ್ಟ ಯಂತ್ರದಿಂದ.

ಆಲ್ಪೈನ್‌ಗೆ ಬೇಕಾದ್ದು ಆಳ. ಕಡಿದಾದ ಗೋಡೆ, ಅದರಲ್ಲಿ ಅಡ್ಡ ಬಿರುಕು, ಕೆಳಗೆ ಏನೂ ಅಡ್ಡ ಬರಬಾರದು. ಇಷ್ಟು ಉದ್ದ ರೆಕ್ಕೆ, ಇಷ್ಟು ಗಿಡ್ಡ ಕಾಲು. ಸಮತಟ್ಟು ನೆಲದಿಂದ ಮೇಲೇಳೋದು ಬಲು ಕಷ್ಟ. ಬಿರುಕಿನ ಬಾಯಿಂದ ಸುಮ್ನೆ ಕೆಳಗೆ ಬಿದ್ದುಬಿಡುತ್ತೆ. ಬೀಳುವ ವೇಗವೇ ಹಾರುವ ವೇಗ. ಜೋಗದಲ್ಲಿ 253 ಮೀಟರ್ ಇದೆ, ಇದಕ್ಕಿಂತ ಒಳ್ಳೆ ಮೆಟ್ಟಿಲು ಎಲ್ಲಿ ಸಿಗಬೇಕು? ಬೆಕ್ಕು, ಇಲಿ, ಹಾವು ಯಾವುದೂ ಅಲ್ಲಿಗೆ ಮುಟ್ಟಲ್ಲ. ಗಿಡುಗದ ಜಾತಿಯ ಶಾಹೀನ್ ಮಾತ್ರ ಗಾಳಿಯಲ್ಲೇ ಅಟ್ಟಿಸಿಕೊಂಡು ಬಂದು ಹಿಡಿಯುತ್ತೆ. ಕಣಿವೆಯ ಗಾಳಿ ಗೋಡೆಗೆ ಬಡಿದು ಮೇಲೇಳುವಾಗ ಹುಳುಗಳನ್ನೂ ಹೊತ್ತು ತರುತ್ತೆ, ಅದು ಲಾಭ.

ಸಾವನದುರ್ಗದಂಥ ಬಂಡೆ ನುಣುಪು ಕಿಟ್ಟಿ. ಏಕಶಿಲೆ ನೋಡೋಕೆ ಚಂದ, ಬಿರುಕು ಕಮ್ಮಿ. ಬಂಡೆ ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಷ್ಟು ಸೀಳಿದೆ ಅನ್ನೋದು ಮುಖ್ಯ.

ಶರಾವತಿ ಅಕ್ಕ
ನಾನು ಜೋಗದ ಹತ್ತಿರವೇ ಇರೋದು. ಜಲಪಾತಕ್ಕೆ ರಾತ್ರಿ ಬಣ್ಣದ ದೀಪ ಬಿಡುತ್ತಾರಲ್ಲ, ಅದರಿಂದ ಇವಕ್ಕೆ ತೊಂದರೆ ಇಲ್ಲವಾ? ನಮ್ಮ ಮನೆ ಹತ್ತಿರ ಹೈಮಾಸ್ಟ್ ದೀಪ ಹಾಕಿದ ಮೇಲೆ ಗೂಬೆ ಬರೋದು ನಿಂತುಹೋಯಿತು.

ಗೂಡುಗಾರ
ಅಕ್ಕ, ಬೇರೆ ಕಡೆಯ ಒಂದು ಉದಾಹರಣೆ ಇದೆ. ಜೆರುಸಲೇಮಿನ ಪಶ್ಚಿಮ ಗೋಡೆ ಗೊತ್ತಲ್ಲ, ಯಹೂದಿಗಳು ಪ್ರಾರ್ಥನೆ ಮಾಡುವ ಜಾಗ. ಅದರ ಕಲ್ಲುಸಂದಿಗಳಲ್ಲಿ ಕಾಮನ್ ಸ್ವಿಫ್ಟುಗಳು ಗೂಡು ಮಾಡುತ್ತವೆ. ರಾತ್ರಿಯಿಡೀ ಗೋಡೆಗೆ ದೊಡ್ಡ ದೀಪ. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಈ ಹಕ್ಕಿಗಳು ರಾತ್ರಿಯೆಲ್ಲ ಹಾರಾಡಿಕೊಂಡೇ ಇರುತ್ತವೆ. ದೀಪಕ್ಕೆ ಬರುವ ಹುಳ ಸಿಗುತ್ತೆ ಅಂತ ಖುಷಿಪಡಬೇಕೋ, ನಿದ್ದೆ ಕೆಟ್ಟಿತು ಅಂತ ಬೇಜಾರು ಮಾಡಿಕೊಳ್ಳಬೇಕೋ. ಕತ್ತಲಲ್ಲಿ ಮಲಗಬೇಕಾದ ಹಕ್ಕಿಯ ದಿನಚರಿಯನ್ನೇ ಬೆಳಕು ಬದಲಾಯಿಸಿತು ಅನ್ನೋದಂತೂ ಖಚಿತ.

ಜೋಗದಲ್ಲಿ ದೀಪ ರಾತ್ರಿಯಿಡೀ ಇರಲ್ಲ, ಅದು ವಾಸಿ. ನನ್ನ ಅಭಿಪ್ರಾಯ ಇಷ್ಟೇ: ಬೆಳಕು ನೀರಿನ ಮೇಲೆ ಬೀಳಲಿ, ಪಕ್ಕದ ಒಣ ಗೋಡೆ ಮೇಲೆ ಬೀಳದಿರಲಿ. ಜನರಿಗೆ ನೋಡಬೇಕಾದ್ದು ನೀರು ತಾನೇ.

ಬರ್ನ್ ಕನ್ನಡತಿ
ಇಲ್ಲಿ ಹಳೇ ಗೋಪುರ ರಿಪೇರಿ ಮಾಡುವಾಗ ಗೂಡಿನ ಕಾಲ ಮುಗಿಯುವವರೆಗೆ ಕಾಯುತ್ತಾರೆ, ಸಂದಿ ಮುಚ್ಚಬೇಕಾಗಿ ಬಂದರೆ ಪಕ್ಕದಲ್ಲೇ ಮರದ ಪೆಟ್ಟಿಗೆ ಇಡುತ್ತಾರೆ. ಹಕ್ಕಿ ಅದೇ ಜಾಗಕ್ಕೆ ಬರುತ್ತಲ್ಲ. 26 ವರ್ಷ ಬದುಕಿದ ಆಲ್ಪೈನ್ ಸ್ವಿಫ್ಟಿನ ದಾಖಲೆ ಇದೆ. ಒಂದು ಸಂದಿ ಮುಚ್ಚಿದರೆ ಎಷ್ಟು ವರ್ಷದ ಮನೆ ಹೋಯಿತು ನೋಡಿ.

ಹೊನ್ನಾವರ ಭಟ್ಟ
ನಡುವೆ ಒಂದು ತುರ್ತು ಪ್ರಶ್ನೆ. ಹೋದ ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಇಂಥದ್ದೇ ಒಂದು ಬಿದ್ದಿತ್ತು. ಒದ್ದೆ ಮುದ್ದೆಯಾಗಿತ್ತು. ಮಕ್ಕಳು ಅನ್ನ ತಿನ್ನಿಸೋಕೆ ಹೋದರು, ಬಾಯಿ ಬಿಡಲಿಲ್ಲ. ಮೇಲಕ್ಕೆ ಎಸೆದರೆ ಹಾರುತ್ತೆ ಅಂತ ಪಕ್ಕದ ಮನೆಯವರು ಹೇಳಿದರು. ನಾನು ಎಸೆಯಲು ಬಿಡಲಿಲ್ಲ. ಇನ್ನೊಮ್ಮೆ ಬಿದ್ದರೆ ಏನು ಮಾಡಬೇಕು?

ಗೂಡುಗಾರ
ಎಸೆಯಲು ಬಿಡದೇ ಇದ್ದದ್ದು ಒಳ್ಳೇದಾಯಿತು. ರೆಕ್ಕೆ ಮುರಿದಿದ್ದರೆ ಎಸೆದ ಕೂಡಲೇ ಬಿದ್ದು ಸಾಯುತ್ತೆ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಹಳೇ ಬಟ್ಟೆ ಹಾಸಿ ಒಳಗಿಡಿ, ಕತ್ತಲು ಮಾಡಿ, ಬೆಚ್ಚಗೆ ಇರಲಿ. ಅನ್ನ, ಹಾಲು, ಬ್ರೆಡ್ ಬೇಡವೇ ಬೇಡ. ಬಾಯಿಗೆ ನೀರೂ ಹೊಯ್ಯಬೇಡಿ, ಶ್ವಾಸಕ್ಕೆ ಹೋಗುತ್ತೆ. ಮೈ ಒಣಗಿ ಮಳೆ ನಿಂತ ಮೇಲೆ ಬಯಲಿಗೆ ಒಯ್ದು, ಕೆಳಗೆ ಮೆತ್ತನೆ ಹುಲ್ಲಿರುವ ಕಡೆ, ಚಾಚಿದ ಅಂಗೈ ಮೇಲೆ ಎತ್ತರಕ್ಕೆ ಹಿಡಿಯಿರಿ. ಅವಸರ ಮಾಡಬೇಡಿ. ಮೊದಲು ಮೈ ಸಣ್ಣಗೆ ನಡುಗುತ್ತೆ, ಹಾರೋಕೆ ಸ್ನಾಯು ಬಿಸಿ ಮಾಡಿಕೊಳ್ಳುತ್ತಿರುತ್ತೆ. ಹೋಗೋದಾದರೆ ತಾನೇ ಹೋಗುತ್ತೆ. ಹೋಗದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಮನೆಯಲ್ಲಿ ಸಾಕೋಕೆ ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ. ಅದು ಬದುಕೋದೂ ಇಲ್ಲ.

ತಾಳಗುಪ್ಪ ಹುಡುಗ
ನನಗೆ ಈಗ ಎಣಿಸಬೇಕು ಅನ್ನಿಸಿದೆ. ಯಾವ ತಿಂಗಳು ಎಷ್ಟು, ಯಾವ ಬಿರುಕಿಗೆ ಎಷ್ಟು ಅಂತ. ಮನೆಯಿಂದ ಬೈಕಲ್ಲಿ ಹತ್ತಿರವೇ. ಹೇಗೆ ಶುರು ಮಾಡಲಿ?

ಗೂಡುಗಾರ
ಬೇಸಿಗೆಯಲ್ಲಿ ನೀರು ಕಮ್ಮಿ ಇದ್ದಾಗ ಎದುರು ದಂಡೆಯಿಂದ ಇಡೀ ಗೋಡೆಯ ಒಂದು ಒಳ್ಳೆ ಫೋಟೋ ತೆಗೀರಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಬಿರುಕುಗಳಿಗೆ ಅಂಕಿ ಕೊಡಿ. ಹಗಲು ಹೋದರೆ ಏನೂ ಸಿಗಲ್ಲ. ಸೂರ್ಯ ಮುಳುಗೋಕೆ ಒಂದು ಗಂಟೆ ಮೊದಲು ಕೂತು ಕತ್ತಲಾಗೋವರೆಗೂ ನೋಡಿ. ಗುಂಪನ್ನು ಎಣಿಸೋಕೆ ಹೋಗಬೇಡಿ, ಒಂದನ್ನೇ ಐದು ಸಲ ಎಣಿಸುತ್ತೀರಿ. ಒಳಗೆ ಹೋಗಿದ್ದನ್ನು ಮಾತ್ರ ಎಣಿಸಿ. ಗಂಟಲು ಉಬ್ಬಿರೋದು ಕಂಡರೆ ಮರಿ ಇದೆ ಅಂತ ಅರ್ಥ, ಅದನ್ನು ಬೇರೆಯಾಗಿ ಬರೆದಿಡಿ. ಹಕ್ಕಿ ನೋಡಿದ್ದನ್ನು ದಾಖಲಿಸುವ ಈಬರ್ಡ್ ಜಾಲತಾಣದಲ್ಲಿ ಹಾಕಿದರೆ ಎಲ್ಲರಿಗೂ ಸಿಗುತ್ತೆ. ಗೋಡೆ ಹತ್ತಿರ ಇಳಿಯೋದು, ಡ್ರೋನ್ ಹಾರಿಸೋದು ಬೇಡ. ಎಂಟು ಪಟ್ಟಿನ ಬೈನಾಕ್ಯುಲರ್ ಸಾಕು.

ಕ್ಯಾಮೆರಾ ಕಿಟ್ಟಿ
ಗೋಡೆ ಫೋಟೋ ನನಗೆ ಬಿಡಿ. ನಾಲ್ಕು ತುಂಡಾಗಿ ತೆಗೆದು ಜೋಡಿಸಿ ಕೊಡ್ತೀನಿ.

ಅನುಮಾನ ಸ್ವಾಮಿ
ನಾನೂ ಬರ್ತೀನಿ. ಕಣ್ಣಾರೆ ನೋಡೋವರೆಗೂ ಆ ಎದೆ ಪಟ್ಟಿ ನಂಬಲ್ಲ. ಬೈನಾಕ್ಯುಲರ್ ಮಾತ್ರ ಯಾರಾದರೂ ತನ್ನಿ.

ತಾಳಗುಪ್ಪ ಹುಡುಗ
ಬನ್ನಿ ಸ್ವಾಮಿ, ನಮ್ಮನೇಲೇ ಉಳಿಯಬಹುದು. ಮಳೆಗಾಲ ಮುಗಿದ ಮೇಲೆ ಬನ್ನಿ ಅಷ್ಟೇ. ಈಗ ಬಂದರೆ ಮಂಜು ಮುಚ್ಚಿ ಹಕ್ಕಿಯಿರಲಿ, ಜಲಪಾತವೇ ಕಾಣಲ್ಲ.